ಟಿಮ್‌ನ ಹರಿದ ಸ್ಪೀಕರ್

ವಿಮಾನ ನಿಲ್ದಾಣ

ಅಮೆರಿಕ ನನ್ನನ್ನು ಮೊಟ್ಟಮೊದಲು ಕೇಳಿದ್ದು, ಈ ಡಬ್ಬಿಯಲ್ಲಿ ಏನಿದೆ ಎಂದು. ಒಂದು ಕಾಲಕ್ಕೆ ಅದರಲ್ಲಿ ಬಿಸ್ಕತ್ತು ಇದ್ದವು. ಈಗ ಸೋಲ್ಡರಿಂಗ್ ಕಡ್ಡಿ, ತಾಮ್ರದ ತೆಳುತಂತಿಯ ಉಂಡೆ, ಬ್ಲೇಡು, ಚಿಮಟ, ಮಲ್ ಬಟ್ಟೆಯ ತುಂಡುಗಳು. ಅಧಿಕಾರಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ನನ್ನ ಹಿಂದೆ ನಿಂತಿದ್ದ ಬಸಪ್ಪ ಮಾವ ಬೆವತುಹೋಗಿದ್ದ. ಅವನು ನನ್ನ ಸೋದರಮಾವ, ಬೇವೂರಿನ ದೊಡ್ಡಾಟ ಮೇಳದ ಭಾಗವತ. ರಂಗದ ಮೇಲೆ ಎಂಥೆಂಥ ರಕ್ಕಸರನ್ನು ಕುಣಿಸಿದವನು, ಇಲ್ಲಿ ಒಬ್ಬ ಸಮವಸ್ತ್ರದವನ ಮುಂದೆ ದನಿ ಕಳೆದುಕೊಂಡು ಪಿಸುಗುಟ್ಟುತ್ತಿದ್ದ.

"ಗಿರಿಜವ್ವಾ, ಆ ಡಬ್ಬಿ ಮನ್ಯಾಗ ಬಿಟ್ಟು ಬಾ ಅಂತ ಬಡಕೊಂಡೆ. ಈಗ ನಮ್ಮನ್ನ ಹಂಗ ಹೊಳ್ಳಿ ಕಳಸ್ತಾರ ನೋಡು."

"ಕಳಸಂಗಿಲ್ಲ, ಸುಮ್ನಿರು ಮಾವ."

ನಾನು ಅಧಿಕಾರಿಯ ಕೊರಳಲ್ಲಿ ನೇತಾಡುತ್ತಿದ್ದ ವಾಕಿಟಾಕಿಯನ್ನು ತೋರಿಸಿದೆ. ಬಾಯಲ್ಲಿ 'ಗರ್‍ರ್' ಎಂದೆ, ಕಡ್ಡಿ ಎತ್ತಿ ಬೆಸುಗೆ ಹಾಕುವ ಹಾಗೆ ಮಾಡಿದೆ, ಆಮೇಲೆ ಕಿವಿಗೆ ಕೈ ಹಚ್ಚಿ ನಕ್ಕೆ. ಅವನೂ ನಕ್ಕು ಡಬ್ಬಿ ಮುಚ್ಚಿ ಕೊಟ್ಟ. ಗೋಂದಿನ ಬಾಟಲಿಯನ್ನು ಮಾತ್ರ ನಮ್ಮ ದೇಶದಲ್ಲೇ, ಹೊರಡುವಾಗಲೇ ಕಿತ್ತುಕೊಂಡಿದ್ದರು. ಆಗ ನನಗೆ ಭಾರೀ ಸಿಟ್ಟು ಬಂದಿತ್ತು. ಅವರು ಕಿತ್ತುಕೊಂಡದ್ದೇ ಒಳ್ಳೆಯದಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಯಲಬುರ್ಗಾದಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇದೆ. ಮದುವೆ, ಭಜನೆ, ಆಟಗಳಿಗೆ ಮೈಕ್ ಕೊಡುತ್ತೇನೆ. ಉಳಿದ ದಿನ ಸ್ಪೀಕರ್ ರಿಪೇರಿ. ಈ ಕೆಲಸ ಅಪ್ಪನಿಂದ ಬಂದದ್ದು. ಸುತ್ತ ನಾಲ್ಕು ತಾಲೂಕಿನಲ್ಲಿ ಹರಿದ ಕೋನ್ ಹಚ್ಚುವುದರಲ್ಲಿ ನನ್ನ ಕೈ ಮೀರಿಸುವವರಿಲ್ಲ. ಕೋನ್ ಎಂದರೆ ಸ್ಪೀಕರಿನೊಳಗೆ ನಡುಗುವ ಕಾಗದದ ತಟ್ಟೆ. ಅದು ಹರಿದರೆ ದನಿ ಒಡೆಯುತ್ತದೆ. ಸಿಯಾಟಲ್ ಎಂಬ ಊರಿನಲ್ಲಿ ಹಲವು ದೇಶದ ಜನಪದರ ಹಬ್ಬವೊಂದಕ್ಕೆ ಮಾವನ ಮೇಳವನ್ನು ಕರೆದಿದ್ದರು. ನಮ್ಮ ಮೈಕ್ ನಮ್ಮವರೇ ನೋಡಿಕೊಳ್ಳಬೇಕು ಎಂದು ಮಾವ ಹಟ ಹಿಡಿದ. ಹಾಗೆ ನಾನು ಹೊರಟೆ.

ಡಾನಾಳ ಮನೆ

ಹಬ್ಬದವರು ಮೇಳದವರನ್ನೆಲ್ಲ ಬೇರೆ ಬೇರೆ ಮನೆಗಳಿಗೆ ಹಂಚಿದರು. ನನಗೆ ಸಿಕ್ಕದ್ದು ಡಾನಾ ಎಂಬಾಕೆಯ ಮನೆ. ಅರವತ್ತು ದಾಟಿದ ಹೆಂಗಸು, ನರೆತ ಕೂದಲಿಗೆ ಎರಡು ಜಡೆ, ಉದ್ಯೋಗ ಊರಿನ ಬಸ್ಸು ಓಡಿಸುವುದು. ಮಾತು ತಿಳಿಸಿ ಹೇಳಲೆಂದು ನನ್ನ ಜೊತೆಗೆ ಅದೇ ಮನೆಯಲ್ಲಿ ಉಳಿದವಳು ಪದ್ಮಾ. ಅವಳು ಗಂಗಾವತಿ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು, ಈಗ ಈ ಊರಿನ ಗ್ರಂಥಾಲಯದಲ್ಲಿ ಕೆಲಸ. ನಮ್ಮ ಮೇಳದ ಬಗ್ಗೆ ಹಬ್ಬದವರಿಗೆ ಹೇಳಿದವಳೂ ಅವಳೇ. ಡಾನಾ ಇಂಗ್ಲಿಷಿನಲ್ಲಿ ಏನು ಹೇಳಿದರೂ ಪದ್ಮಾಳ ಬಾಯಿಂದ ಅದು ಗಂಗಾವತಿ ಮಾತಾಗಿ, ಕೊನೆಗೊಂದು 'ರಿ' ಹಚ್ಚಿಕೊಂಡು ನನಗೆ ಮುಟ್ಟುತ್ತಿತ್ತು. ಹಾಗಾಗಿ ನನಗೆ ಡಾನಾ ಎಂದರೆ ಈಗಲೂ ನಮ್ಮ ಕಡೆಯ ಹೆಂಗಸೇ.

ಆ ಊರಿನ ಮಳೆ ಮಳೆಯೇ ಅಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ಸದ್ದೇ ಇಲ್ಲದೆ ಜಿನುಗುತ್ತದೆ, ಯಾರೂ ಕೊಡೆ ಹಿಡಿಯುವುದಿಲ್ಲ. ನಮ್ಮಲ್ಲಿ ಮಳೆ ಹೇಮಗುಡ್ಡದ ಕಡೆಯಿಂದ ಗುಡುಗಿ, ಊರಿಗೆಲ್ಲ ಸುದ್ದಿ ಮುಟ್ಟಿಸಿಯೇ ಬರುತ್ತದೆ. ಆ ಊರಿನ ಜನರೂ ಅವರ ಮಳೆಯ ಹಾಗೇ. ಬಸ್ಸಿನಲ್ಲಿ ಒಬ್ಬರಿಗೊಬ್ಬರು ತಾಗಿದರೆ ಇಬ್ಬರೂ ಕ್ಷಮೆ ಕೇಳುತ್ತಾರೆ. ತಾಗದಿದ್ದರೂ ಕೇಳುತ್ತಾರೆ. ಇಷ್ಟು ಮೆತ್ತಗೆ ಮಾತಾಡುವ ಊರಿಗೆ ನಮ್ಮ ಮೇಳದ ಕೇಕೆ ಕೇಳಿಸಿದರೆ ಪೊಲೀಸರು ಬಂದಾರೆಂದು ಮಾವನಿಗೆ ಚಿಂತೆ ಹತ್ತಿತು.

ಮೊದಲ ದಿನದ ಊಟದಲ್ಲಿ ನನಗೆ ಪೆಟ್ಟು ಬಿತ್ತು. ಡಾನಾ ಅನ್ನ, ಹುರಿದ ಕಾಯಿಪಲ್ಲೆ, ಏನೋ ಹುಳಿ ಸಾರು ಮಾಡಿದ್ದಳು, ರುಚಿಯಾಗಿತ್ತು. ಒಂದು ಸೌಟು ಬಡಿಸಿ, ಇನ್ನಷ್ಟು ಹಾಕಲೇ ಎಂದು ಸನ್ನೆಯಲ್ಲೇ ಕೇಳಿದಳು. ನಾನು ಕೈಯಾಡಿಸಿ "ಬ್ಯಾಡ್ರಿ" ಎಂದೆ. ಅವಳು ಪಾತ್ರೆಗೆ ಮುಚ್ಚಳ ಹಾಕಿ ಎದ್ದು ಹೋದಳು.

ನಾನು ನೋಡುತ್ತಲೇ ಕುಳಿತೆ. ನಮ್ಮಲ್ಲಿ ತಾಟಿಗೆ ಮತ್ತೊಂದು ರೊಟ್ಟಿ ಬಂದಾಗ 'ಬ್ಯಾಡ್ರಿ' ಎನ್ನುವುದು ಮರ್ಯಾದೆ. ಬಡಿಸುವವರು ಅದನ್ನು ಕಿವಿಗೇ ಹಾಕಿಕೊಳ್ಳದಿರುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಎರಡನೇ ಸಲ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲಕ್ಕೆ ರೊಟ್ಟಿ ತಾಟಿನಲ್ಲಿರಬೇಕು. ಪದ್ಮಾ ಮೇಳದವರನ್ನು ನೋಡಲು ಹೋಗಿದ್ದಳು, ಹೇಳಿಸೋಣವೆಂದರೆ ಆಳಿಲ್ಲ. ಆ ರಾತ್ರಿ ನಾನು ಅರೆಹೊಟ್ಟೆಯಲ್ಲಿ ಮಲಗಿದೆ. ಈ ದೇಶದಲ್ಲಿ ಬೇಕಾದರೆ ಮೊದಲ ಸಲಕ್ಕೇ ಹೂಂ ಅನ್ನಬೇಕು ಎಂದು ಗಟ್ಟಿ ಮಾಡಿಕೊಂಡೆ. ಅರ್ಧ ಪಾಠ ಕಲಿತೆ ಎಂದು ನನಗೆ ಗೊತ್ತಾದದ್ದು ತಡವಾಗಿ.

ರೆಕಾರ್ಡು

ನಾನು ಸ್ಪೀಕರ್ ರಿಪೇರಿಯವಳು ಎಂದು ಪದ್ಮಾ ಹೇಳಿದ್ದೇ ತಡ, ಡಾನಾಳ ಮುಖ ಅರಳಿತು. ಕಪಾಟಿನಿಂದ ಒಂದು ಹಳೆಯ ರೆಕಾರ್ಡು ತೆಗೆದು ಸೀರೆ ನೆರಿಗೆ ಬಿಡಿಸುವಷ್ಟು ಹುಷಾರಾಗಿ ತಿರುಗುಮಣೆಯ ಮೇಲಿಟ್ಟಳು.

ಸೂಜಿ ಇಳಿಯಿತು. ನಾನು ಎದ್ದು ನಿಂತೆ.

ಅಂಥ ದನಿ ನಾನು ಕೇಳಿಲ್ಲವೆಂದಲ್ಲ, ಜೀವನವಿಡೀ ಕೇಳಿದ್ದೇನೆ. ಇರಕಲ್ಲಗಡದಲ್ಲಿ ಒಂದು ಮದುವೆಯ ದಿನ ನನ್ನ ಹಾರ್ನ್ ಹೀಗೇ ಗರಗರ ಒದರಿ, ಬೀಗರು ಊಟ ಬಿಟ್ಟು ಬಂದು ನನ್ನ ಕೂಡ ಜಗಳ ತೆಗೆದಿದ್ದರು. ಗಿಟಾರು ಎಂಬುದು ಈ ರೆಕಾರ್ಡಿನಲ್ಲಿ ಗಿಟಾರಿನ ಹಾಗಿರಲಿಲ್ಲ, ಬಂಡಿಯ ಗಾಲಿ ಕಲ್ಲಿಗೆ ಉಜ್ಜಿದ ಹಾಗಿತ್ತು. ಅದರೊಳಗೆ ಒಬ್ಬ ಹುಡುಗಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ನಾನು ಹೋಗಿ ಡಾನಾಳ ಸ್ಪೀಕರಿನ ಮೇಲೆ ಬೆರಳಿಟ್ಟು ನೋಡಿದೆ. ಅದು ಸರಿಯಾಗಿಯೇ ಇತ್ತು.

"ಸ್ಪೀಕರ್ ಛಲೋ ಐತಿ. ರೆಕಾರ್ಡ್ ಮಾಡೋವಾಗ್ಲೇ ಕೋನ್ ಹರದಿತ್ತು," ಎಂದೆ ಖಡಾಖಂಡಿತವಾಗಿ.

ಪದ್ಮಾ ಹೇಳಿದ್ದನ್ನು ಕೇಳಿ ಡಾನಾ ಚಪ್ಪಾಳೆ ತಟ್ಟಿದಳು. ಆಮೇಲೆ ಕತೆ ಹೊರಬಂತು. ಕೂಗುತ್ತಿದ್ದ ಹುಡುಗಿ ಅವಳೇ. ಗಿಟಾರು ಅವಳ ತಮ್ಮ ಟಿಮ್‌ನದು. ಈ ಊರಿನ ಹುಡುಗರು ಒಂದು ಕಾಲಕ್ಕೆ ಗ್ರಂಜ್ ಎಂಬ ಹೊಸ ಸಂಗೀತ ಹುಟ್ಟಿಸಿದರಂತೆ. ಜಿಡ್ಡು, ಕೊಳೆ, ಸಿಟ್ಟು ಎಲ್ಲ ಹಾಗೇ ಇರಲಿ, ತಿಕ್ಕಿ ತೊಳೆಯುವುದು ಬೇಡ ಎನ್ನುವ ಸಂಗೀತ. ಅದಿನ್ನೂ ಹೆಸರಾಗದ ಶುರುವಿನ ದಿನಗಳಲ್ಲಿ, ಇದೇ ಮನೆಯ ನೆಲಮಾಳಿಗೆಯಲ್ಲಿ, ಯಾರಿಂದಲೋ ತಂದ ಟೇಪ್ ಯಂತ್ರದಲ್ಲಿ ಅಕ್ಕ-ತಮ್ಮ ಇದನ್ನು ಹಾಡಿ ತುಂಬಿದ್ದರು, ಮುಂದೆ ಅದೇ ಈ ರೆಕಾರ್ಡಾಯಿತು.

ಡಾನಾ ನಮ್ಮನ್ನು ಕೆಳಗೆ ಕರೆದೊಯ್ದಳು. ಮೂಲೆಯಲ್ಲಿ ಟಿಮ್‌ನ ಪೆಟ್ಟಿಗೆ ಇತ್ತು, ಆಂಪ್ಲಿಫೈಯರೂ ಸ್ಪೀಕರೂ ಒಂದರೊಳಗೇ. ಕೋನ್ ಅಂಗೈ ಉದ್ದ ಹರಿದಿತ್ತು.

"ಮೆಟ್ಟಲದಾಗ ಹೊತ್ಕೊಂಡು ಇಳಿಯೋವಾಗ ಟಿಮ್ ಜಾರಿಬಿದ್ದ, ಪೆಟ್ಟಿಗಿ ಉಳ್ಳಾಡಿ ಹರೀತು. ಆಗ ರಿಪೇರಿ ಮಾಡ್ಸಾಕ ನಮ್ಮ ಕೈಯಾಗ ರೊಕ್ಕ ಇರಲಿಲ್ರಿ," ಎಂದು ಪದ್ಮಾಳ ಬಾಯಲ್ಲಿ ಡಾನಾ ಹೇಳಿದಳು. ಟಿಮ್ ಈಗಿಲ್ಲ. ಸತ್ತು ಬಹಳ ವರ್ಷವಾಯಿತು. ಅವನು ಹೋದಮೇಲೆ ಡಾನಾ ಜನರ ಮುಂದೆ ಹಾಡಿಲ್ಲ. ಅವನ ಗಿಟಾರು ತಾನೇ ಕಲಿತಿದ್ದಾಳೆ. ಈ ಶನಿವಾರ ಹಬ್ಬದ ವೇದಿಕೆಯಲ್ಲಿ, ಹಳೆಯ ಡ್ರಮ್ಮಿನವನ ಜೊತೆ, ಆ ಒಂದು ಹಾಡು ಹಾಡುವವಳಿದ್ದಾಳೆ, ಇದೇ ಪೆಟ್ಟಿಗೆ ಇಟ್ಟುಕೊಂಡು.

ತಮ್ಮನ ಪೆಟ್ಟಿಗೆ ಹರಿದದ್ದು ಹರಿದ ಹಾಗೇ ಉಳಿದಿದೆ. ಪಾಪ, ಅಂದು ಆಗಲಿಲ್ಲ, ಆಮೇಲೆ ಮಾಡಿಸುವವರಿಲ್ಲ.

"ನಾ ಮಾಡಿಕೊಡ್ತೀನ್ರಿ," ಎಂದೆ.

ಡಾನಾ ನಕ್ಕು ಕೈಯಾಡಿಸಿದಳು. "ಬ್ಯಾಡ್ರಿ, ಬ್ಯಾಡ್ರಿ," ಎಂದಳು ಪದ್ಮಾ.

ಎಂಥ ಮರ್ಯಾದಸ್ಥೆ ಎಂದುಕೊಂಡೆ.

ಶುಕ್ರವಾರ, ನೆಲಮಾಳಿಗೆ

ಡಾನಾ ಬಸ್ಸಿಗೆ ಹೋದಳು, ಪದ್ಮಾ ಮೇಳದವರನ್ನು ತಾಲೀಮಿಗೆ ಕರೆದೊಯ್ದಳು. ನಾನು ಡಬ್ಬಿ ಹಿಡಿದು ಕೆಳಗಿಳಿದೆ. ಗೋಂದು ಇರಲಿಲ್ಲವಲ್ಲ, ಡಾನಾಳ ಅಡುಗೆಮನೆಯಲ್ಲಿ ಮೈದಾ ಹುಡುಕಿ, ಕುದಿಸಿ ಅಂಟು ಮಾಡಿಕೊಂಡೆ. ಹರಕಿನ ಎರಡು ತುಟಿಗಳನ್ನು ಕೂಡಿಸಿ, ಹಿಂದಿನಿಂದ ಮಲ್ ಬಟ್ಟೆಯ ಪಟ್ಟಿ ಹಚ್ಚಿ, ಉಗುರಿನಿಂದ ತೀಡಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟೆ. ಮುಂದಿನಿಂದ ನೋಡಿದರೆ ಗಾಯದ ಗುರುತೂ ಕಾಣಬಾರದು, ಹಾಗೆ ಮಾಡಿದೆ. ಗಿಟಾರಿನ ವೈರು ಸಿಕ್ಕಿಸಿ ಒಂದು ತಂತಿ ಮೀಟಿದೆ. ದನಿ ಹೊಸ ಕಂಚಿನ ಗಂಟೆಯಷ್ಟು ಸ್ವಚ್ಛ. ಅಮೆರಿಕದಲ್ಲೂ ಯಲಬುರ್ಗಾದ ಕೈ ಕೈಯೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಡಾನಾ ಬಂದಾಗ ಪದ್ಮಾಳೂ ಜೊತೆಗಿದ್ದಳು. ನಾನು ಏನೂ ಹೇಳದೆ, ತವರಿನಿಂದ ಗಂಟು ತಂದವಳ ಹಾಗೆ ನಗುತ್ತ ಇಬ್ಬರನ್ನೂ ಕೆಳಗೆ ಕರೆದೆ. ಡಾನಾ ಗಿಟಾರು ಹೆಗಲಿಗೇರಿಸಿ ಬಾರಿಸಿದಳು. ನಿಲ್ಲಿಸಿದಳು. ವೈರು ಕಿತ್ತು ಮತ್ತೆ ಸಿಕ್ಕಿಸಿ ಬಾರಿಸಿದಳು. ಆಮೇಲೆ ಮಂಡಿಯೂರಿ ಪೆಟ್ಟಿಗೆಯ ಹಿಂದೆ ನೋಡಿದಳು. ಬಿಳಿ ಪಟ್ಟಿ ಕಂಡಿತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಮೆಟ್ಟಿಲ ಮೇಲೆ ಕುಳಿತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮೆಲ್ಲಗೆ ಏನೋ ಹೇಳಿದಳು. ಪದ್ಮಾ ಅದನ್ನು ಕನ್ನಡ ಮಾಡದೆ ನನ್ನ ಕಡೆ ನೋಡಿದಳು.

"ಏನಂತಾರ ಹೇಳ," ಎಂದೆ.

"ಬ್ಯಾಡ ಅಂದಿದ್ನಲ್ಲ ಅಂತಾರಕ್ಕಾ. ತಮ್ಮನ ಅಂಗಿ, ಬೂಟು ಎಲ್ಲಾ ಯಾರ್‍ಯಾರಿಗೋ ಕೊಟ್ಟೆ. ಫೋಟೋದಾಗ ಮಾರಿ ಐತಿ, ದನಿ ಇಲ್ಲ. ರೆಕಾರ್ಡಿನಾಗ ದನಿ ಐತಿ, ಅದು ಆಗಿಹೋದ ದನಿ. ಈ ಹರಕಿನಾಗ ಮಾತ್ರ ಅವ ದಿನಾ ಹೊಸದಾಗಿ ಒದರ್‍ತಿದ್ದ. ನಾಳೆ ಜನರ ಮುಂದ ಅವನ್ನ ಕರಕೊಂಡು ಹೋಗೋಳಿದ್ದೆ, ಅಂತಾರ."

ನನಗೆ ಮೊದಲು ಬಂದದ್ದು ಸಿಟ್ಟು. ಒಳ್ಳೆಯದು ಮಾಡಿದವಳಿಗೆ ಇದೇನು ಎಂಬ ಸಿಟ್ಟು. ಅದರ ಬೆನ್ನಿಗೇ ನಾಚಿಕೆ ಬಂತು. ಅವಳ ತಮ್ಮನ ಬಾಯನ್ನು ನಾನು ಮೈದಾ ಹಿಟ್ಟು ಹಚ್ಚಿ ಮುಚ್ಚಿದ್ದೆ.

"ತೆಗೀತೀನ್ರಿ. ನಾನೇ ಹಚ್ಚೀನಿ, ನಾನೇ ತೆಗೀತೀನಿ."

"ಬ್ಯಾಡ. ಇನ್ನ ಅದಕ್ಕ ಕೈ ಹಚ್ಚಬ್ಯಾಡ," ಎಂದಳು ಡಾನಾ. ಈ ಸಲ ಪದ್ಮಾ 'ರಿ' ಹಚ್ಚಲಿಲ್ಲ.

ನಾನು ಪದ್ಮಾಳ ಕೈ ಹಿಡಿದೆ. "ಇದು ಯಾವ ಬ್ಯಾಡ ಕೇಳವ್ವಾ. ಅವರ ಬ್ಯಾಡೋ, ನಮ್ಮ ಬ್ಯಾಡೋ? ನನಗ ತಿಳೀವಲ್ದು. ನಿನ್ನಿ ನಾ ಅವರದ್ದನ್ನ ನಮ್ಮದು ಅಂತ ತಿಳಕೊಂಡೆ."

ಪದ್ಮಾ ಕುಳಿತು ವಿವರಿಸಿದಳು. ತಾಟು, ರೊಟ್ಟಿ, ಮೊದಲ ಬ್ಯಾಡ, ಎರಡನೆಯದು, ಮೂರನೆಯದು, ಕೈ ಸಮೇತ ಮಾಡಿ ತೋರಿಸಿದಳು. ಡಾನಾ ನನ್ನನ್ನೇ ನೋಡುತ್ತಿದ್ದವಳು ಒಮ್ಮೆಗೇ ಕಣ್ಣು ದೊಡ್ಡದು ಮಾಡಿದಳು.

"ಹಂಗಾರ ಮೊದಲನೇ ದಿನ ನೀವು ಹಸಕೊಂಡು ಮಲಗಿದ್ರೇನ್ರಿ?"

"ಮತ್ತ? ಪಾತ್ರಿಗೆ ಮುಚ್ಚಳ ಹಾಕಿದ್ರಲ್ಲರಿ ನೀವು!"

ಅಳುವ ಕಣ್ಣಲ್ಲೇ ಡಾನಾ ನಕ್ಕಳು. ನಗು ಮುಗಿದ ಮೇಲೆ ಮತ್ತೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹೇಳಿದ್ದು ಇಷ್ಟು: "ಇದು ನಿಮ್ಮದೂ ಅಲ್ಲ, ನಮ್ಮದೂ ಅಲ್ರಿ. ಅಂಜಿಕಿ. ಇದ್ದಷ್ಟೂ ಹೋದರ ಏನ್ ಮಾಡ್ಲಿ ಅಂತ ಅಂಜಿಕಿ."

"ಅಂಜಬ್ಯಾಡ್ರಿ. ಗೋಂದು ಹಚ್ಚಿದ್ರ ದೇವರೇ ಬಂದ್ರೂ ಬಿಡಸಾಕ ಆಗ್ತಿರಲಿಲ್ಲ. ಇದು ಹಿಟ್ಟು. ಹಬಿಗೆ ಬಿಡ್ತೈತಿ."

ಅವಳು ಹೂಂ ಎಂದು ತಲೆಯಾಡಿಸಿದಳು.

ಆ ಊರಿನಲ್ಲಿ ಆ ತಿಂಗಳು ಸಂಜೆ ಬೇಗ ಮುಗಿಯುವುದಿಲ್ಲ, ಅದು ನನಗೆ ಅನುಕೂಲವಾಯಿತು. ನೀರು ಕುದಿಸಿ ಹಬೆ ಹಿಡಿದೆ. ಪಟ್ಟಿ ಮೆತ್ತಗಾಯಿತು. ಬಾಣಂತಿಯ ಮಗ್ಗುಲಿಂದ ಕೂಸು ಎತ್ತುವ ಹಾಗೆ ಎತ್ತಿದೆ. ಬಂತು. ಹರಕು ಮತ್ತೆ ಬಾಯಿ ಬಿಟ್ಟಿತು. ಡಾನಾ ಬಾರಿಸಿದಳು. ದನಿ ಒಡೆಯಿತು, ಆದರೆ ಒದ್ದೆ ಒಡಕು, ಕೆಮ್ಮು ಹತ್ತಿದವನ ದನಿ. ತುಟಿಗಳು ನೀರು ಕುಡಿದು ಜೋತುಬಿದ್ದಿದ್ದವು. ಇದು ಟಿಮ್‌ನ ದನಿಯಲ್ಲ ಎಂದು ನನಗೇ ಗೊತ್ತಾಯಿತು.

"ರೆಕಾರ್ಡ್ ಹಚ್ರಿ," ಎಂದೆ. "ನಾ ಸಾಕು ಅನ್ನೋತನಕ ಹಚ್ಚತಾ ಇರ್‍ರಿ."

ಅಲ್ಲಿಯವರೆಗೆ ನಾನು ಆ ಹಾಡನ್ನು ಕೇಳಿರಲೇ ಇಲ್ಲ, ಅದರ ದೋಷವನ್ನು ಮಾತ್ರ ಕೇಳಿದ್ದೆ. ಈಗ ಕಣ್ಣುಮುಚ್ಚಿ ಕುಳಿತೆ. ಕೆಳಗೆ ಒಂದು ದಪ್ಪ ಗುರುಗುಟ್ಟುವಿಕೆ. ಅದರ ಮೇಲೆ ಕಾಗದ ಕಾಗದಕ್ಕೆ ಉಜ್ಜುವ ಸದ್ದು, ಸಜ್ಜೆ ಕೇರುವ ಮೊರದ ಸದ್ದಿನಂತೆ. ಪ್ರತಿ ಹೊಡೆತ ಮುಗಿದ ಮೇಲೂ ಆ ಉಜ್ಜು ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಅಕ್ಕ ಕೂಗಿ ಉಸಿರು ಎಳೆದುಕೊಳ್ಳುವ ಜಾಗದಲ್ಲೆಲ್ಲ ಅದು ತುಂಬಿಕೊಳ್ಳುತ್ತಿತ್ತು. ಟಿಮ್ ಬರೀ ರೊಕ್ಕವಿಲ್ಲದೆ ಹಾಗೇ ಬಿಟ್ಟವನಲ್ಲ. ಆ ಹರಕನ್ನು ಪಳಗಿಸಿಕೊಂಡಿದ್ದ, ಅಕ್ಕನ ಉಸಿರಿನ ಅಳತೆಗೆ. ನಾನು ಇಷ್ಟು ವರ್ಷ ರಿಪೇರಿ ಮಾಡಿ ಕೊಂದ ದನಿಗಳಲ್ಲಿ ಇಂಥವು ಎಷ್ಟಿದ್ದವೋ.

ಉಜ್ಜಬೇಕಾದರೆ ತುಟಿ ಗಟ್ಟಿಯಿರಬೇಕು. ಅನ್ನದ ತಿಳಿ ಗಂಜಿ ಬಸಿದು, ಬೆರಳ ತುದಿಯಿಂದ ಅಂಚಿಗಷ್ಟೇ ಸವರಿದೆ, ಸೀರೆಗೆ ಗಂಜಿ ಹಾಕುವ ಹಾಗೆ. ಒಣಗಿಸಿದೆ. ಒಂದು ತುಟಿಯನ್ನು ಕೂದಲೆಳೆಯಷ್ಟು ಮೇಲೆ ತಂದೆ. ಡಾನಾ ಬಾರಿಸಿದಳು, ಇದಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಸವರಿದೆ, ಮತ್ತೆ ಒಣಗಿಸಿದೆ. ಇನ್ನೊಮ್ಮೆ ಬಾರಿಸಿದಾಗ ಗೋಡೆಗೆ ಒರಗಿಸಿದ್ದ ಹಾರೆಯೂ ನಡುಗಿತು. ಹೊಡೆತ ಮುಗಿದ ಮೇಲೆ ಆ ಉಜ್ಜು ಉಳಿಯಿತು.

ಡಾನಾ ತಂತಿಯ ಮೇಲೆ ಕೈಯಿಟ್ಟು ಪೆಟ್ಟಿಗೆಯ ಕಡೆ ತಿರುಗಿದಳು.

"ಅವನೇ ಏನ್ರಿ?" ಎಂದೆ.

"ಅವನೇ. ನೆಗಡಿ ಆಗಿತ್ತಂದ್ರ ಟಿಮ್ ಹಿಂಗ ಮಾತಾಡ್ತಿದ್ದ," ಎಂದಳು. "ಸಾಕ್ರಿ."

ಶನಿವಾರ, ವೇದಿಕೆ

ನಮ್ಮ ಆಟ ಭರ್ಜರಿಯಾಯಿತು. ಪೊಲೀಸರು ಬರಲಿಲ್ಲ. ಪರದೆಯ ಹಿಂದಿನಿಂದ ರಕ್ಕಸ ಕೇಕೆ ಹಾಕಿದಾಗ ಮುಂದಿನ ಸಾಲಿನವರು ಕುರ್ಚಿ ಸಮೇತ ಹಿಂದೆ ಸರಿದರು, ಆಮೇಲೆ ಕ್ಷಮೆ ಕೇಳಿದರು. ಮೈಕ್ ಸೆಟ್ಟಿನ ಗುಂಡಿಗಳ ಮುಂದೆ ಕುಳಿತವಳು ನಾನು. ನಮ್ಮದು ಮುಗಿದಮೇಲೆ ಏಳಹೊರಟವಳನ್ನು ಡಾನಾ ತಡೆದಳು. ತನ್ನ ಹಾಡಿಗೂ ನಾನೇ ಕೂರಬೇಕಂತೆ. ಇದಕ್ಕೆ ನಾನು ಮೊದಲ ಸಲಕ್ಕೇ ಹೂಂ ಎಂದೆ.

ಡ್ರಮ್ಮಿನವನು ಬೋಳುತಲೆಯ ಅಜ್ಜ, ಕೈ ಮಾತ್ರ ಹುಡುಗನದು. ಡಾನಾ ಟಿಮ್‌ನ ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಾಡಿಸಿ ಶುರು ಮಾಡಿದಳು. ಆ ಗರಗರ ಎದ್ದದ್ದೇ ತಡ, ಇಪ್ಪತ್ತೈದು ವರ್ಷದ ರೂಢಿಯಿಂದ ನನ್ನ ಬಲಗೈ ದನಿ ತಗ್ಗಿಸುವ ಗುಂಡಿಯ ಕಡೆ ತಾನಾಗಿಯೇ ಹೋಯಿತು. ಎಡಗೈಯಿಂದ ಅದನ್ನು ಹಿಡಿದೆ. ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವಳ ಹಾಗೆ ನಿಂತು ಕೇಳಿದೆ. ಅಕ್ಕನ ದನಿಗೆ ವಯಸ್ಸಾಗಿತ್ತು. ಉಸಿರು ಮೊದಲಿನಷ್ಟು ನಿಲ್ಲುತ್ತಿರಲಿಲ್ಲ. ಅವಳು ಉಸಿರಿಗೆ ನಿಂತಲ್ಲೆಲ್ಲ ತಮ್ಮ ಬಂದು ತುಂಬಿಕೊಟ್ಟ. ನಾನು ಗಳಗಳ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬಸಪ್ಪ ಮಾವ ಪಕ್ಕಕ್ಕೆ ಬಂದು ನಿಂತಿದ್ದ. "ಗಿರಿಜವ್ವಾ, ಇದು ನಮ್ಮ ರಕ್ಕಸನ ದನೀನೇ ಬಿಡವಾ," ಎಂದ. "ನಾವು ಗಂಟಲ ಹರಕೊಂತೀವಿ, ಇವರು ಪೆಟಗಿ ಹರಕೊಂಡಾರ."

ಮರಳಿ ಯಲಬುರ್ಗಾ

ಹೊರಡುವ ದಿನ ಡಾನಾ ಆ ರೆಕಾರ್ಡನ್ನು ನನ್ನ ಕೈಗಿಟ್ಟಳು. ಅವಳ ಹತ್ತಿರ ಇನ್ನೊಂದು ಪ್ರತಿ ಇತ್ತಂತೆ. ನಾನು ಬಾಯಿತಪ್ಪಿ "ಬ್ಯಾಡ್ರಿ" ಎಂದುಬಿಟ್ಟೆ. ಇನ್ನು ಮುಚ್ಚಳ ಬಿತ್ತು ಎಂದುಕೊಂಡೆ. ಡಾನಾ ತುಂಟತನದಿಂದ ನಕ್ಕು ಎರಡನೇ ಸಲ ಚಾಚಿದಳು. ನಾನು ಕೈ ಅಡ್ಡ ಹಿಡಿದೆ. ಮೂರನೇ ಸಲಕ್ಕೆ ಅವಳೇ ನನ್ನ ಚೀಲದಲ್ಲಿ ತುರುಕಿದಳು.

ಅಪ್ಪನ ಕಾಲದ ರೆಕಾರ್ಡು ಯಂತ್ರ ಅಂಗಡಿಯ ಅಟ್ಟದ ಮೇಲಿತ್ತು. ಇಳಿಸಿ, ಬೆಲ್ಟು ಹಾಕಿ, ಸರಿ ಮಾಡಿದ್ದೇನೆ. ಮೊನ್ನೆ ಅದರಲ್ಲಿ ಡಾನಾಳ ರೆಕಾರ್ಡು ಹಚ್ಚಿಕೊಂಡು ಕೆಲಸ ಮಾಡುತ್ತಿದ್ದಾಗ, ಕುಷ್ಟಗಿಯಿಂದ ಹಾರ್ನ್ ರಿಪೇರಿಗೆ ತಂದವರೊಬ್ಬರು ಬಾಗಿಲಲ್ಲೇ ನಿಂತು ಮುಖ ಕಿವುಚಿದರು.

"ಏನ್ ಅಕ್ಕಾರ, ಊರ ಮಂದಿದೆಲ್ಲಾ ರಿಪೇರಿ ಮಾಡ್ತೀರಿ, ನಿಮ್ಮ ಸ್ಪೀಕರ ಹರದೈತಲ್ಲರಿ. ಮೊದಲ ಅದನ್ನ ಹಚ್ಚಿಕೊಳ್ರಿ."

"ಬ್ಯಾಡ್ರಿ," ಎಂದೆ.

"ನಾ ಬೇಕಾರ ಹಿಡಕೊಂತೀನಿ, ಹಚ್ರಿ."

"ಬ್ಯಾಡ್ರಿ."

"ಎರಡು ಮಿನಿಟಿನ ಕೆಲಸ ಅಕ್ಕಾರ, ನನಗೇನು ಅವಸರಿಲ್ಲ, ಮೊದಲ ನಿಮ್ಮದು ಮಾಡ್ಕೊಳ್ರಿ."

"ಬ್ಯಾಡ್ರಿ," ಎಂದೆ ಮೂರನೇ ಸಲ. "ಅದು ಹರದಿಲ್ರಿ. ಅಲ್ಲಿ ಒಬ್ಬಾಕಿ ತಮ್ಮ ಅದಾನ."